ಡಾಲರ್ ಸಂಬಳ, ಅಡಿಕೆ ತೋಟ ಮತ್ತು ಮಾರ್ಚ್ 15

2025ರ ಮಾರ್ಚ್ 6, ಗುರುವಾರ. ಸಾಗರದ ನನ್ನ ಆಫೀಸಿಗೆ ತಾಯಿ, ಮಗಳು ಬಂದರು. ತಾಯಿಯ ಕೈಯಲ್ಲಿ ಅಡಿಕೆ ಮಂಡಿಯ ಬಿಲ್ಲುಗಳ ಕಟ್ಟು, ಮಗಳ ಕೈಯಲ್ಲಿ ಲ್ಯಾಪ್‌ಟಾಪ್. ಮನೆಯ ಯಜಮಾನರು ಇದ್ದಾಗ ಅವರ ತೆರಿಗೆ ಕೆಲಸ ನಾನೇ ನೋಡುತ್ತಿದ್ದೆ. ಅವರು ತೀರಿಕೊಂಡ ಮೇಲೆ ತೋಟದ ಎರಡು ಎಕರೆ ಮಗಳ ಹೆಸರಿಗೆ ಬಂದಿದೆ.

ಮಗಳು ಸಾಫ್ಟ್‌ವೇರ್ ಎಂಜಿನಿಯರ್. ಬೆಂಗಳೂರಿನ ಕೆಲಸವನ್ನು 2024ರ ಮೇ ಕೊನೆಗೆ ಬಿಟ್ಟು ಊರಿಗೆ ಬಂದಿದ್ದಳು. ಜೂನ್ 1ರಿಂದ ಅಮೆರಿಕದ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ. ತಿಂಗಳಿಗೆ 3,000 ಡಾಲರ್, ತಿಂಗಳ ಕೊನೆಯ ದಿನ ನೇರವಾಗಿ ಬ್ಯಾಂಕ್ ಖಾತೆಗೆ. ಭಾರತದಲ್ಲಿ ಆ ಕಂಪನಿಗೆ ಆಫೀಸಿಲ್ಲ, ಶಾಖೆಯಿಲ್ಲ, ಏನೂ ಇಲ್ಲ.

ಅವಳು ಬಂದಿದ್ದು ತೆರಿಗೆಗಲ್ಲ. ಸಾಗರದಲ್ಲಿ ಒಂದು ಸೈಟ್ ನೋಡಿದ್ದರು. ಸಾಲ ಕೇಳಲು ಹೋದರೆ ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳಿದ್ದರು. ಕಂಪನಿಯಿಂದ ಒಂದು ಸ್ಯಾಲರಿ ಸರ್ಟಿಫಿಕೇಟ್ ತರಿಸಿಕೊಳ್ಳಬಹುದಾ ಅನ್ನುವುದು ಅವಳ ಪ್ರಶ್ನೆ.

"ಅದಿರಲಿ, ಈ ವರ್ಷದ ಟ್ಯಾಕ್ಸ್ ಎಷ್ಟು ಕಟ್ಟಿದೀಯಮ್ಮ?" ಅಂದೆ.

"ಏನೂ ಕಟ್ ಆಗಿಲ್ಲ ಸರ್."

ಪಕ್ಕದಲ್ಲಿದ್ದ ತಾಯಿ ಕೇಳಿದರು: "ಕಟ್ ಆಗಿಲ್ಲ ಅಂದ್ರೆ ಕಟ್ಟೋದು ಬೇಡ ಅಂತ ಅಲ್ವಾ?"

ಅಲ್ಲ. ಆದರೆ ಈ ಪ್ರಶ್ನೆಗೆ ನಾನು ನಗುವುದಿಲ್ಲ. ಹತ್ತು ವರ್ಷ ಸಂಬಳದ ಕೆಲಸ ಮಾಡಿದವರಿಗೆ ತೆರಿಗೆ ಅನ್ನುವುದು ತಾವು ಕಟ್ಟುವ ವಿಷಯವಲ್ಲ, ತಾನಾಗಿ ಕಟ್ ಆಗುವ ವಿಷಯ. ಕತ್ತರಿಸುವವರು ಇಲ್ಲವಾದ ದಿನ, ತೆರಿಗೆಯೇ ಇಲ್ಲ ಅನಿಸುವುದು ಸಹಜ. ಭಾರತದಲ್ಲಿ ಯಾವ ನೆಲೆಯೂ ಇಲ್ಲದ ಇಂಥ ಕಂಪನಿ ಇಲ್ಲಿನ ಗುತ್ತಿಗೆದಾರರಿಗೆ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕತ್ತರಿಸುವುದಿಲ್ಲ. ಅವಳ ಹೆಸರಿನಲ್ಲಿ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆರೆದು ನೋಡಿದರೆ ಏಪ್ರಿಲ್, ಮೇ ತಿಂಗಳ 18,000 ರೂಪಾಯಿ ಮಾತ್ರ ಕಾಣುತ್ತಿತ್ತು. ಅದೂ ಹಳೆಯ ಬೆಂಗಳೂರು ಕಂಪನಿ ಕತ್ತರಿಸಿದ್ದು. ಆಮೇಲಿನದೆಲ್ಲ ಖಾಲಿ.

ಇಲ್ಲಿ ಬರೆಯುತ್ತಿರುವುದಕ್ಕೆ ಅವಳ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ರೌಂಡ್ ಮಾಡಿದ್ದೇನೆ.

ಅಮೆರಿಕದಲ್ಲಿ ಕಟ್ಟಬೇಕಾ?

ಇದನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕಂದ್ರೆ ಉತ್ತರ ಚಿಕ್ಕದು. ಅವಳು ಕೂತು ಕೆಲಸ ಮಾಡುವುದು ಸಾಗರದಲ್ಲಿ. ಮಾಡಿದ ಕೆಲಸ ಅಮೆರಿಕದ ಹೊರಗಿನದು, ಹಾಗಾಗಿ ಆ ಹಣ ಅಲ್ಲಿನ ಕಾನೂನಿನ ಪ್ರಕಾರ ಅಮೆರಿಕ ಮೂಲದ ಆದಾಯವಲ್ಲ. ಕೆಲಸಕ್ಕೆ ಸೇರುವಾಗ ಕಂಪನಿ ಅವಳಿಂದ ಡಬ್ಲ್ಯೂ-8ಬಿಇಎನ್ ಅನ್ನುವ ಫಾರ್ಮ್ ತುಂಬಿಸಿಕೊಂಡಿತ್ತು. ತಾನು ಅಮೆರಿಕದವಳಲ್ಲ, ಭಾರತದ ನಿವಾಸಿ ಎಂದು ಹೇಳುವ ಕಾಗದ ಅದು. ತೆರಿಗೆ ಗುರುತಿನ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಬರೆದಿದ್ದಳು, ಸರಿಯಾಗಿಯೇ ಇತ್ತು. ಸಹಿ ಹಾಕಿದ ವರ್ಷ ಬಿಟ್ಟು ಮುಂದಿನ ಮೂರು ಕ್ಯಾಲೆಂಡರ್ ವರ್ಷ ಅದು ನಡೆಯುತ್ತದೆ. ಅಂದರೆ 2027ರ ಡಿಸೆಂಬರ್ 31ರವರೆಗೆ ಆ ಕಡೆಯ ಚಿಂತೆ ಇಲ್ಲ.

ಇತ್ತ ಭಾರತದಲ್ಲಿ ವರ್ಷವಿಡೀ ಇದ್ದಾಳೆ. ನಿವಾಸಿ ಹೌದೋ ಅಲ್ಲವೋ ಅನ್ನಲು 182 ದಿನದ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ನಿವಾಸಿಗೆ ಜಗತ್ತಿನ ಯಾವ ಮೂಲೆಯಿಂದ ಹಣ ಬಂದರೂ ತೆರಿಗೆ ಇಲ್ಲಿ. "ಡಾಲರ್‌ನಲ್ಲಿ ಬಂದ ಹಣಕ್ಕೆ ಟ್ಯಾಕ್ಸ್ ಇಲ್ಲ ಅಂತ ಫ್ರೆಂಡ್ ಹೇಳಿದ್ದ" ಅಂದಳು. ಈ ಫ್ರೆಂಡ್ ಎಲ್ಲರಿಗೂ ಒಬ್ಬ ಇರುತ್ತಾನೆ.

ನೌಕರಿಯೋ, ವೃತ್ತಿಯೋ

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಬೇರೆಲ್ಲ ಇದರ ಬಾಲ.

ಅವಳ ಬಾಯಲ್ಲಿ ಅದು "ಸಂಬಳ". ಕಂಪನಿಯ ಒಪ್ಪಂದದ ತಲೆಬರಹ ಮಾತ್ರ "ಸ್ವತಂತ್ರ ಗುತ್ತಿಗೆದಾರರ ಒಪ್ಪಂದ". ಸಂಬಳ ಅಂದರೆ ಇಡೀ ಮೊತ್ತಕ್ಕೆ ತೆರಿಗೆ, 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟರೆ ಕಳೆಯಲು ಹೆಚ್ಚೇನಿಲ್ಲ. ಸ್ವತಂತ್ರ ವೃತ್ತಿ ಅಂದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಂ ಸಿಗುತ್ತದೆ. ಆ ಕಲಂ ಅನ್ವಯವಾಗುವ ವೃತ್ತಿಗಳ ಪಟ್ಟಿಯಲ್ಲಿ ಐಟಿ ಇದೆ. ವರ್ಷದ ಗಳಿಕೆ 75 ಲಕ್ಷದೊಳಗೆ ಇದ್ದು, ನಗದಾಗಿ ಬಂದದ್ದು ಶೇಕಡಾ 5 ಮೀರದಿದ್ದರೆ, ಬಂದ ಹಣದ ಅರ್ಧವನ್ನು ಲಾಭ ಎಂದು ತೋರಿಸಿದರೆ ಸಾಕು. ಲೆಕ್ಕದ ಪುಸ್ತಕ ಬೇಡ, ಆಡಿಟ್ ಬೇಡ.

ಅವಳ ಅಂಕಿಯಲ್ಲಿ ಈ ವ್ಯತ್ಯಾಸ ಎಷ್ಟು ಅಂತ ಮುಂದೆ ಹೇಳುತ್ತೇನೆ. ಈಗ ಸದ್ಯಕ್ಕೆ, ಸುಮಾರು ನಾಲ್ಕು ಲಕ್ಷ ಅಂದುಕೊಳ್ಳಿ. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ತಲೆಬರಹ ಓದಿ ಸುಮ್ನೆ ಒಪ್ಪಿಕೊಳ್ಳಲಾಗುವುದಿಲ್ಲ. ಒಪ್ಪಂದದ ಹದಿನಾಲ್ಕು ಪುಟ ಇಬ್ಬರೂ ಕೂತು ಓದಿದೆವು.

ವೃತ್ತಿ ಅನ್ನುವ ಕಡೆಗೆ ತೂಗುವ ಅಂಶಗಳು ಹಲವು ಇದ್ದವು. ಲ್ಯಾಪ್‌ಟಾಪ್ ಅವಳದೇ, ಇನ್ವರ್ಟರ್ ಅವಳದೇ, ಮಳೆಗಾಲಕ್ಕೆಂದು ಹಾಕಿಸಿದ ಎರಡನೇ ಇಂಟರ್ನೆಟ್ ಲೈನಿನ ಖರ್ಚೂ ಅವಳದೇ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಪ್ರತಿ ತಿಂಗಳು ಬಿಲ್ ಕಳಿಸಿದ ಮೇಲೆಯೇ ಹಣ. ಬೇರೆ ಗಿರಾಕಿಗಳ ಕೆಲಸ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ವರ್ಷ ಪುಣೆಯ ಗೆಳತಿಯೊಬ್ಬಳ ಕೆಲಸಕ್ಕೆ ಸಹಾಯವನ್ನೂ ಮಾಡಿದ್ದಳು, ಹಣ ತೆಗೆದುಕೊಂಡಿರಲಿಲ್ಲ ಅಷ್ಟೇ.

ನೌಕರಿ ಅನ್ನುವ ಕಡೆಗೂ ಒಂದೆರಡು ಇದ್ದವು. ವರ್ಷಕ್ಕೆ 15 ದಿನ ಹಣ ಸಮೇತ ರಜೆ. ದಿನಾ ಸಂಜೆ ಏಳಕ್ಕೆ ಮೀಟಿಂಗ್. ಮೇಲೊಬ್ಬ "ಮ್ಯಾನೇಜರ್".

ಮೀಟಿಂಗ್ ಇದ್ದ ಮಾತ್ರಕ್ಕೆ ನೌಕರಿ ಆಗುವುದಿಲ್ಲ. ಕೆಲಸ ಹೇಗೆ ಮಾಡಬೇಕು, ಯಾವ ಹೊತ್ತಿಗೆ ಕೂರಬೇಕು ಅನ್ನುವುದೆಲ್ಲ ಅವಳ ಕೈಯಲ್ಲೇ ಇತ್ತು. ತೋಟದಲ್ಲಿ ಅಡಿಕೆ ಕೊನೆ (ಗೊನೆ) ತೆಗೆಯುವ ದಿನ ಬೆಳಗ್ಗೆಯೆಲ್ಲ ಅಲ್ಲಿದ್ದು, ಮಧ್ಯಾಹ್ನದ ಮೇಲೆ ಕೋಡ್ ಬರೆಯುತ್ತಿದ್ದಳು, ಯಾರನ್ನೂ ಕೇಳುತ್ತಿರಲಿಲ್ಲ. ನನ್ನ ತೀರ್ಮಾನ: ಇದು ವೃತ್ತಿ. ಆದರೆ ಆ ರಜೆಯ ಸಾಲು ನನಗೆ ಹಿಡಿಸಲಿಲ್ಲ ಎಂದು ಅವಳಿಗೆ ಹೇಳಿದೆ. ಬೆಳಗಿನಿಂದ ರಾತ್ರಿವರೆಗೆ ಒಬ್ಬರೇ ಮಾಲೀಕರ ಹತೋಟಿಯಲ್ಲಿದ್ದು, ಕಾಗದದಲ್ಲಿ ಮಾತ್ರ ಗುತ್ತಿಗೆದಾರ ಅನ್ನುವವರಿಗೆ ನಾನು ಈ ಕಲಂ ಹಾಕಿಕೊಡುವುದಿಲ್ಲ. ಅಂಥ ಒಂದೆರಡು ಗಿರಾಕಿಗಳನ್ನು ವಾಪಸ್ ಕಳಿಸಿದ್ದೂ ಇದೆ.

ಇನ್ನೊಂದು ತೊಂದರೆ ಬ್ಯಾಂಕಿನ ಕಾಗದದಲ್ಲಿತ್ತು. ಹೊರದೇಶದಿಂದ ಹಣ ಬಂದಾಗ ಬ್ಯಾಂಕು ಅದಕ್ಕೊಂದು ಉದ್ದೇಶದ ಕೋಡ್ ಹಾಕುತ್ತದೆ. ಮೊದಲ ಎರಡು ತಿಂಗಳು ಬ್ಯಾಂಕಿನವರು ಫೋನ್ ಮಾಡಿ "ಇದು ಏನು ಹಣ?" ಅಂದಿದ್ದರು. ಇವಳು "ಸ್ಯಾಲರಿ" ಅಂದಿದ್ದಾಳೆ. ಅವರು ಪಿ1401 ಹಾಕಿದ್ದಾರೆ, ಅಂದರೆ ನೌಕರರ ವೇತನ. ಮೂರನೇ ತಿಂಗಳಿಂದ ಬಿಲ್ ನೋಡಿ ಪಿ0802 ಹಾಕಿದ್ದಾರೆ, ಅದು ಸಾಫ್ಟ್‌ವೇರ್ ಸಲಹೆಯ ಕೋಡ್. ಒಂದೇ ಒಪ್ಪಂದ, ಒಂದೇ ಕಂಪನಿ, ಎರಡು ಕಥೆ. ನಾಳೆ ನೋಟಿಸ್ ಬಂದರೆ ಮೊದಲು ಕೇಳುವುದು ಇದನ್ನೇ.

ಅಲ್ಲಿಗೆ ಅವಳ ಮೂಲ ಪ್ರಶ್ನೆಗೂ ಉತ್ತರ ಸಿಕ್ಕಿತು. ಸ್ಯಾಲರಿ ಸರ್ಟಿಫಿಕೇಟ್ ತರಿಸಿಕೊಳ್ಳುವ ಹಾಗಿಲ್ಲ. ಸಾಲಕ್ಕೆ ಒಂದು ಮುಖ, ತೆರಿಗೆಗೆ ಒಂದು ಮುಖ ತೋರಿಸಿದರೆ ಯಾವುದೋ ಒಂದು ದಿನ ಎರಡೂ ಎದುರುಬದುರು ಬರುತ್ತವೆ. ಸಾಲಕ್ಕೆ ಎರಡು ವರ್ಷದ ರಿಟರ್ನ್ ಕೊಡು, ಸ್ವಲ್ಪ ಕಾಯಿ, ಅಂದೆ. ತಾಯಿಗೆ ಬೇಸರವಾಯಿತು. ಸೈಟ್ ಬೇರೆಯವರ ಪಾಲಾಯಿತು.

ಒಪ್ಪಂದ ಮತ್ತು ಹತ್ತು ಬಿಲ್ಲುಗಳ ಪ್ರತಿ ಇಟ್ಟು, ಮೊದಲ ಎರಡು ತಿಂಗಳ ಕೋಡ್ ಸರಿಪಡಿಸಿ ಎಂದು ಬ್ಯಾಂಕಿಗೆ ಪತ್ರ ಕೊಟ್ಟೆವು. ಮೂರು ಸಲ ಓಡಾಡಿದ ಮೇಲೆ ಆಯಿತು. ಏಪ್ರಿಲ್‌ನಲ್ಲಿ ಒಪ್ಪಂದ ನವೀಕರಿಸುವಾಗ ಕಂಪನಿಯೂ ರಜೆಯ ಸಾಲನ್ನು ತೆಗೆಯಿತು. ಬದಲಿಗೆ, ಕೆಲಸ ಮಾಡದ ದಿನದ ಹಣ ಬಿಲ್ಲಿನಲ್ಲಿ ಇಳಿಯುತ್ತದೆ ಎಂದು ಬರೆಯಿತು. ಬರೆದ ಹಾಗೇ ಈಗ ನಡೆಯುತ್ತಲೂ ಇದೆ. ದೀಪಾವಳಿಗೆ ನಾಲ್ಕು ದಿನ ಬಿಟ್ಟಳು, ಹಣ ಬರಲಿಲ್ಲ.

ತೋಟದ ಹಣ

ಅಡಿಕೆ ಬಿಲ್ಲುಗಳನ್ನು ತಾಯಿ ಯಾಕೆ ತಂದಿದ್ದರೋ ಗೊತ್ತಿಲ್ಲ, ರೂಢಿಯಿಂದ ಇರಬೇಕು. ತಂದದ್ದು ಒಳ್ಳೆಯದಾಯಿತು. "ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲವಲ್ಲ, ಅದನ್ನ ಯಾಕೆ ಹೇಳೋದು?" ಅಂತ ಮಗಳು ಅಂದುಕೊಂಡಿದ್ದಳು.

ತೆರಿಗೆ ಇಲ್ಲ, ನಿಜ. ಆದರೆ ಹೇಳಬೇಕು. ಕೃಷಿ ಆದಾಯ 5,000 ದಾಟಿ, ಉಳಿದ ಆದಾಯ ತೆರಿಗೆಯ ಮಿತಿ ಮೀರಿದ್ದರೆ, ಲೆಕ್ಕಕ್ಕೆ ಮಾತ್ರ ಎರಡನ್ನೂ ಕೂಡಿಸುತ್ತಾರೆ. ಮೆಟ್ಟಿಲು ಅಂದುಕೊಳ್ಳಿ. ಅಡಿಕೆ ಹಣ ಕೆಳಗಿನ ಮೆಟ್ಟಿಲುಗಳಲ್ಲಿ ಕೂರುತ್ತದೆ, ಡಾಲರ್ ಹಣ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಅಡಿಕೆಗೆ ಒಂದು ಪೈಸೆ ತೆರಿಗೆ ಇಲ್ಲ. ಅಡಿಕೆಯಿಂದಾಗಿ ಡಾಲರ್‌ಗೆ ಜಾಸ್ತಿ ಬೀಳುತ್ತದೆ.

ಕೊನೆ ತೆಗೆದವರ ಕೂಲಿ, ಸುಲಿದವರ ಕೂಲಿ, ಬೋರ್ಡೋ ಮದ್ದು, ಗೊಬ್ಬರ ಎಲ್ಲ ಕಳೆದು ಅವಳ ಎರಡು ಎಕರೆಗೆ ಉಳಿದದ್ದು 1,80,000 ರೂಪಾಯಿ. ಇದರಿಂದ ಇನ್ನೊಂದು ಪರಿಣಾಮವೂ ಆಯಿತು. 44ಎಡಿಎಗೆ ಸಾಮಾನ್ಯವಾಗಿ ಸಾಕಾಗುವ ಐಟಿಆರ್-4 ಅನ್ನುವ ಸರಳ ರಿಟರ್ನ್ ಫಾರ್ಮ್ ಇವಳಿಗೆ ಆಗುವುದಿಲ್ಲ. ಕೃಷಿ ಆದಾಯ 5,000 ದಾಟಿದವರಿಗೆ ಆ ಫಾರ್ಮ್ ಇಲ್ಲ. ಐಟಿಆರ್-3 ತುಂಬಬೇಕು. ಮಲೆನಾಡಿನಿಂದ ಹೊರದೇಶಕ್ಕೆ ಕೆಲಸ ಮಾಡುವ ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ತೋಟ ಇರುವುದಿಲ್ಲ.

ಲೆಕ್ಕ

2024–25ರ ಅಂಕಿ ಹೀಗೆ. ಹತ್ತು ತಿಂಗಳಿಗೆ 30,000 ಡಾಲರ್, ರೂಪಾಯಿಯಲ್ಲಿ 25,20,000. ಮಧ್ಯದವರು ಹಿಡಿದ ಕಮಿಷನ್ ಕಳೆಯುವ ಮುಂಚಿನ ಮೊತ್ತ ಇದು, ಅದನ್ನೇ ತೆಗೆದುಕೊಳ್ಳಬೇಕು. ಅರ್ಧ ಅಂದರೆ 12,60,000. ಬೆಂಗಳೂರಿನ ಎರಡು ತಿಂಗಳ ಸಂಬಳ 2,20,000, ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 1,45,000. ಒಟ್ಟು 14,05,000.

ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ), ಅಡಿಕೆಯ 1,80,000 ಸೇರಿಸಿ 15,85,000ಕ್ಕೆ ತೆರಿಗೆ ಹಾಕಿದರೆ 1,65,500. ಅದರಲ್ಲಿ 3 ಲಕ್ಷದ ಮಿತಿ ಮತ್ತು ಅಡಿಕೆ ಹಣ ಸೇರಿದ 4,80,000ದ ಮೇಲಿನ ತೆರಿಗೆ 9,000 ಕಳೆಯಬೇಕು. ಉಳಿದದ್ದು 1,56,500. ಶೇಕಡಾ 4 ಸೆಸ್ ಸೇರಿ 1,62,760. ತೋಟ ಇಲ್ಲದಿದ್ದರೆ 1,25,840 ಆಗುತ್ತಿತ್ತು. ಹಳೆ ಪದ್ಧತಿಯಲ್ಲೂ ಹಾಕಿ ನೋಡಿದೆವು, ಜಾಸ್ತಿಯೇ ಬಂತು.

ಇಡೀ 25,20,000ವನ್ನು ಸಂಬಳ ಎಂದು ಹಿಡಿದಿದ್ದರೆ? 5,55,880. ವ್ಯತ್ಯಾಸ 3,93,120 ರೂಪಾಯಿ. ಮೂರು ಸಲ ಬ್ಯಾಂಕಿಗೆ ಓಡಾಡಿದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು.

"ಲ್ಯಾಪ್‌ಟಾಪ್ 1,40,000 ಕೊಟ್ಟು ತಗೊಂಡೆ, ಅದನ್ನ ಕಳೆಯೋಕೆ ಆಗಲ್ವಾ?" ಅಂತ ಕೇಳಿದಳು. ಆಗುವುದಿಲ್ಲ. ಬಿಟ್ಟ ಅರ್ಧದಲ್ಲೇ ಅದೆಲ್ಲ ಬಂತು. ಅವಳ ನಿಜವಾದ ಖರ್ಚು ಆ ಅರ್ಧದ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಗೊಣಗುವಂತಿಲ್ಲ.

ಫ್ರೆಂಡ್ ಇನ್ನೊಂದು ಉಪಾಯವನ್ನೂ ಹೇಳಿದ್ದನಂತೆ: 44ಎಡಿಯಲ್ಲಿ ಶೇಕಡಾ 6 ಲಾಭ ತೋರಿಸಿದರೆ ತೆರಿಗೆಯೇ ಬರುವುದಿಲ್ಲ. ಆ ಕಲಂ ಅಂಗಡಿ, ವ್ಯಾಪಾರದವರಿಗೆ. ಪಟ್ಟಿಯಲ್ಲಿರುವ ವೃತ್ತಿಯವರಿಗೆ ಅಲ್ಲ. ಕೋಡ್ ಬರೆಯುವವಳನ್ನು ಕಿರಾಣಿ ಅಂಗಡಿಯವಳು ಎಂದು ತೋರಿಸಿ ರಿಟರ್ನ್ ಹಾಕಿಕೊಡುವವರು ಇದ್ದಾರೆ. ಆದರೆ ರಿಟರ್ನ್ ಮೇಲೆ ಅವರ ಸಹಿ ಇರುವುದಿಲ್ಲ.

ಒಂಬತ್ತು ದಿನ

ಮುಂಗಡ ತೆರಿಗೆಯನ್ನು ಬೇರೆಯವರು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಎಂದು ನಾಲ್ಕು ಕಂತಿನಲ್ಲಿ ಕಟ್ಟಬೇಕು. 44ಎಡಿಎಯವರಿಗೆ ಒಂದೇ ಕಂತು, ಮಾರ್ಚ್ 15. ಅವಳು ಬಂದದ್ದು 6ಕ್ಕೆ. ಹಿಂದಿನ ಮೂರು ತಾರೀಕು ತಪ್ಪಿದ್ದರೂ ನಷ್ಟವಾಗಲಿಲ್ಲ, ಅದೃಷ್ಟ ಅನ್ನಬೇಕು.

ಮಾರ್ಚ್ ಬಿಲ್ಲಿನ ಹಣ ಇನ್ನೂ ಬಂದಿರಲಿಲ್ಲ, ಅಂದಾಜು ಹಾಕಿ 13ನೇ ತಾರೀಕು 1,40,000 ಕಟ್ಟಿದಳು. ಖಾತೆಯಲ್ಲಿ ಹಣ ಇತ್ತು, ಸೈಟಿಗೆಂದು ಕೂಡಿಸಿದ್ದು. ಟಿಡಿಎಸ್ 18,000 ಕಳೆದು ಕಟ್ಟಬೇಕಿದ್ದದ್ದು 1,44,760. ಶೇಕಡಾ 90ಕ್ಕಿಂತ ಮೇಲೆ ಕಟ್ಟಿದ್ದರಿಂದ, ಮುಂಗಡ ತೆರಿಗೆ ಅದಕ್ಕಿಂತ ಕಡಿಮೆ ಕಟ್ಟಿದವರಿಗೆ ಬೀಳುವ 234ಬಿ ಬಡ್ಡಿ ಬರಲಿಲ್ಲ. ಕೊರತೆಯ 4,760ಕ್ಕೆ 234ಸಿ ಬಡ್ಡಿ (ಕಂತಿನಲ್ಲಿ ಕಡಿಮೆ ಬಿದ್ದದ್ದಕ್ಕೆ) ಬಂದದ್ದು 47 ರೂಪಾಯಿ. ಅವಳು ಜುಲೈನಲ್ಲಿ ಬಂದಿದ್ದರೆ ಎರಡೂ ಸೇರಿ ಏಳು ಸಾವಿರ ದಾಟುತ್ತಿತ್ತು.

ಆ ವರ್ಷ ರಿಟರ್ನ್‌ನ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಕೊನೆಗೆ 16ಕ್ಕೆ ಹೋಯಿತು. ಅವಳದು ಆಗಸ್ಟ್‌ನಲ್ಲೇ ಮುಗಿಯಿತು.

ಮರೆತೇ ಹೋಗಿದ್ದ ಜಿಎಸ್‌ಟಿ

ಸೇವೆ ಮಾರುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಆಗಬೇಕು. ರಫ್ತಿಗೆ ತೆರಿಗೆ ಸೊನ್ನೆ ಅನ್ನುವುದು ನಿಜ, ಆದರೆ 20 ಲಕ್ಷದ ಎಣಿಕೆಯಲ್ಲಿ ರಫ್ತೂ ಸೇರುತ್ತದೆ. ಅವಳ ಎಂಟನೇ ಬಿಲ್ಲಿನ ಹಣ 2025ರ ಜನವರಿ 31ಕ್ಕೆ ಬಂದಾಗ ಗೆರೆ ದಾಟಿತ್ತು. ಅಲ್ಲಿಂದ 30 ದಿನದೊಳಗೆ ಅರ್ಜಿ ಹಾಕಬೇಕಿತ್ತು. ನಾವು ಹಾಕಿದ್ದು ಮಾರ್ಚ್ 10ಕ್ಕೆ, ಎಂಟು ದಿನ ತಡ.

ಮನೆ ತಾಯಿಯ ಹೆಸರಿನಲ್ಲಿದೆ. ಅವರ ಒಪ್ಪಿಗೆ ಪತ್ರ, ಮೆಸ್ಕಾಂ ಬಿಲ್ಲು, ಪ್ಯಾನ್, ಆಧಾರ್ ಕೊಟ್ಟು ನಂಬರ್ ಸಿಕ್ಕಿತು. ಕೂಡಲೇ ಎಲ್‌ಯುಟಿ ಹಾಕಿದೆವು. ತೆರಿಗೆ ಕಟ್ಟದೆಯೇ ರಫ್ತು ಮಾಡುತ್ತೇನೆ ಎಂದು ಬರೆದುಕೊಡುವ ಮುಚ್ಚಳಿಕೆ ಇದು. ಇದಿಲ್ಲದಿದ್ದರೆ ಮೊದಲು ಶೇಕಡಾ 18 ಕಟ್ಟಿ, ಆಮೇಲೆ ವಾಪಸ್ ಕೇಳಿಕೊಂಡು ಅಲೆಯಬೇಕು. ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಹಾಕಬೇಕಾದ್ದರಿಂದ, ಮಾರ್ಚ್‌ನಲ್ಲಿ ಒಂದು ಹಾಕಿ ಏಪ್ರಿಲ್‌ಗೆ ಮತ್ತೊಂದು ಹಾಕಿದೆವು. ಫೆಬ್ರುವರಿ ಬಿಲ್ಲು ಎಲ್‌ಯುಟಿ ಇಲ್ಲದೆ ಹೋಗಿತ್ತು. ರಫ್ತು ನಿಜವಾಗಿ ಆಗಿದ್ದರೆ ಎಲ್‌ಯುಟಿ ತಡವಾದ ಕಾರಣಕ್ಕೆ ಸೌಲಭ್ಯ ತಪ್ಪಿಸಬಾರದು ಅನ್ನುವ 2019ರ ಸುತ್ತೋಲೆ ಇದೆ, ಅದನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದೇವೆ. ಈವರೆಗೆ ಯಾರೂ ಕೇಳಿಲ್ಲ.

ನೋಂದಣಿಯ ಹಿಂದೆಯೇ ರಾಜ್ಯದ ವೃತ್ತಿ ತೆರಿಗೆ, ವರ್ಷಕ್ಕೆ 2,500. ಇದನ್ನು ಹೇಳಿದಾಗ ಮಾತ್ರ ಅವಳಿಗೆ ಸಿಟ್ಟು ಬಂತು. ಒಂದೂವರೆ ಲಕ್ಷಕ್ಕೆ ಸುಮ್ಮನಿದ್ದವಳು!

ಮುಂದಿನ ವರ್ಷ

2025ರ ಕೊನೆಗೆ ಕಂಪನಿ ಎರಡು ಪ್ರಸ್ತಾಪ ಇಟ್ಟಿತು. ಒಂದು, ಷೇರಿನ ಆಯ್ಕೆ ಹಕ್ಕು, ಅಂದರೆ ಮುಂದೆ ಗೊತ್ತಾದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು ಕೊಡುತ್ತೇವೆ. ಎರಡು, ಭಾರತದಲ್ಲಿ ತಮ್ಮ ಪರವಾಗಿ ನೌಕರರನ್ನು ಇಟ್ಟುಕೊಳ್ಳುವ ಮಧ್ಯಸ್ಥ ಕಂಪನಿಯ ಮೂಲಕ ನಿನ್ನನ್ನು ಕಾಯಂ ಮಾಡಿಕೊಳ್ಳುತ್ತೇವೆ.

ಷೇರಿನ ಬಗ್ಗೆ ನಾನು ಹೇಳಿದ್ದು ಇಷ್ಟು. ಹಕ್ಕು ಚಲಾಯಿಸಿ ಷೇರು ಕೈಗೆ ಬಂದ ವರ್ಷದಿಂದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಆ ಪಟ್ಟಿ ಏಪ್ರಿಲ್–ಮಾರ್ಚ್ ಅಲ್ಲ, ಜನವರಿ–ಡಿಸೆಂಬರ್ ಲೆಕ್ಕದ್ದು. ಮರೆತರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಹಾಕಬಹುದು. ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷ ಮೀರದವರಿಗೆ 2024ರ ಅಕ್ಟೋಬರ್‌ನಿಂದ ವಿನಾಯಿತಿ ಕೊಟ್ಟಿದ್ದಾರೆ. ಹಾಗಂತ ತುಂಬದೇ ಬಿಡಬೇಡ ಅಂದೆ.

ಕಾಯಂ ಕೆಲಸದ ವಿಷಯದಲ್ಲಿ ಅವಳು ಎರಡು ವಾರ ಯೋಚಿಸಿದಳು. ಪಿಎಫ್ ಬರುತ್ತದೆ, ಫಾರ್ಮ್ 16 ಬರುತ್ತದೆ, ಸ್ಯಾಲರಿ ಸ್ಲಿಪ್ ಬರುತ್ತದೆ, ಬ್ಯಾಂಕಿನವರು ಎದ್ದು ನಿಂತು ಸಾಲ ಕೊಡುತ್ತಾರೆ. ಜಿಎಸ್‌ಟಿ ತಲೆನೋವು ಹೋಗುತ್ತದೆ. ಆದರೆ ಮಧ್ಯಸ್ಥ ಕಂಪನಿಯ ಶುಲ್ಕ, ಪಿಎಫ್‌ನ ಎರಡೂ ಪಾಲು ಅದೇ 3,000 ಡಾಲರ್ ಒಳಗಿಂದ ಹೋಗಬೇಕು. ಉಳಿದದ್ದಕ್ಕೆ ಪೂರ್ತಿ ತೆರಿಗೆ. ನಾನು ಅಂಕಿ ಮುಂದಿಟ್ಟೆ, ಅಭಿಪ್ರಾಯ ಹೇಳಲಿಲ್ಲ. ತಾಯಿ ಕಾಯಂ ಕೆಲಸದ ಪರ ಇದ್ದರು. ಮಗಳು ಬೇಡ ಅಂದಳು. ಕೊನೆ ಕೊಯ್ಲಿನ ದಿನಗಳಲ್ಲಿ ರಜೆ ಕೇಳುವುದು ಅವಳಿಗೆ ಇಷ್ಟವಿರಲಿಲ್ಲ.

2025–26ಕ್ಕೆ ಸ್ಲ್ಯಾಬ್ ಬದಲಾಗಿತ್ತು, 4 ಲಕ್ಷದವರೆಗೆ ತೆರಿಗೆ ಇಲ್ಲ. ಏಪ್ರಿಲ್‌ನಲ್ಲೇ ಅಂದಾಜು ಹಾಕಿದ್ದೆವು. ಡಾಲರ್‌ಗೆ 86ರಂತೆ 36,000 ಡಾಲರ್ ಅಂದರೆ ಸುಮಾರು 31 ಲಕ್ಷ, ಅಡಿಕೆ ಹಿಂದಿನಷ್ಟೇ, ತೆರಿಗೆ 1,42,480. ತಿಂಗಳಿಗೆ 12,000ದಂತೆ ಬೇರೆ ಖಾತೆಗೆ ಹಾಕುತ್ತಾ ಬಂದಳು. ಆದರೆ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ರೂಪಾಯಿ ಇಳಿದ ಹಾಗೆ ಅವಳ ಆದಾಯ ಏರಿತು, ಜೊತೆಗೆ ತೆರಿಗೆಯೂ. ಕಲಂಗಳ ನಂಬರುಗಳೂ ಇನ್ನು ಬೇರೆ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಆದರೂ 2025–26ರ ಲೆಕ್ಕ ಹಳೆಯದರಲ್ಲೇ.

2026ರ ಮಾರ್ಚ್ 15 ಭಾನುವಾರ ಬಿದ್ದಿತ್ತು. ನೆನಪಿಸೋಣ ಅಂದುಕೊಳ್ಳುತ್ತಿದ್ದೆ. 13ನೇ ತಾರೀಕು ಶುಕ್ರವಾರ ಮಧ್ಯಾಹ್ನವೇ ವಾಟ್ಸಾಪ್‌ನಲ್ಲಿ ಚಲನ್ ಬಂತು, 1,50,000 ರೂಪಾಯಿ. ಕೆಳಗೆ ಒಂದು ಸಾಲು: "ಸರ್, ಮಂಡಿಯ ಕೊನೆ ಬಿಲ್ಲು ಇನ್ನೂ ಬಂದಿಲ್ಲ, ಅಡಿಕೆದು ಅಮ್ಮ ಹೇಳಿದ ಅಂದಾಜು."